ರಿಜರ್ವಿನಲ್ಲಿದ್ದ ಗಂಡ

ಮೊರಬದ ಈರೇಶ ಇಪ್ಪತ್ತು ವರ್ಷ ವಾಯುಪಡೆಯಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡಿ, ಪಿಂಚಣಿ ಹಿಡಿದು ಊರಿಗೆ ಬಂದಾಗ ಹೆಂಡತಿ ಮಹಾನಂದಾಳಿಗೆ ಹೇಳಲಾರದಷ್ಟು ಖುಷಿಯಾಗಿತ್ತು. ಅದು ಬಹಳ ದಿನ ಉಳಿಯಲಿಲ್ಲ. ನವಲಗುಂದದಲ್ಲಿ ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟಿದ್ದ ಅವಳ ಅಣ್ಣ ಹೇಮಂತ, ಗ್ಯಾರೇಜಿನಲ್ಲಿ ಪಾಲುದಾರನಾಗಿ ಬಾ ಎಂದು ಈರೇಶನನ್ನು ಕರೆದ. 'ನೋಡೂಣು' ಎಂದ ಈರೇಶ ವರ್ಷ ಕಳೆದರೂ ನೋಡುತ್ತಲೇ ಇದ್ದ. ಬೆಳಗಾದರೆ ಕಾಲುವೆ ದಂಡೆಯ ಮೇಲೆ ಓಡುತ್ತಿದ್ದ. ಫೋನ್ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಈ ಮನುಷ್ಯ ಇಲ್ಲಿ ಉಳಿಯಲು ಬಂದವನಲ್ಲ ಎಂಬ ಗುಮಾನಿ ಅವಳ ತಲೆ ಹೊಕ್ಕಿತು.

೨೦೨೫ರ ಮೇ ತಿಂಗಳಲ್ಲಿ ಗಡಿಯಲ್ಲಿ ಕದನ ಶುರುವಾದ ಸುದ್ದಿ ಬಂತು. ಈರೇಶ ಫೋನ್ ಹಿಡಿದು ಟಿವಿಯ ಮುಂದೆ ಕೂತವನು ಏಳಲಿಲ್ಲ. ಮಹಾನಂದಾ ಟಿವಿ ಬಂದ್ ಮಾಡಿದಳು.

"ಖರೇ ಹೇಳ್ರಿ, ಯಾರ ಫೋನ್ ಕಾಯಾಕತ್ತೀರಿ?"

"ನಾ ರಿಜರ್ವಿನಾಗ ಅದೀನಿ. ನೌಕರಿ ಮುಗದ್ರೂ ಎರಡು ವರ್ಷ ಹೆಸರು ಇರ್ತೈತಿ. ಕರದ್ರ ಹೋಗಬೇಕು."

"ಇಷ್ಟ ದಿನಾ ಯಾಕ ಬಾಯಿ ಬಿಡಲಿಲ್ಲ?"

"ಕರಿಯಂಗಿಲ್ಲ ಅನ್ಕೊಂಡಿದ್ದೆ."

ಹೇಳುವಾಗ ಅವನು ನೆಲ ನೋಡುತ್ತಿದ್ದ. ಮಹಾನಂದಾ ಅಡುಗೆಮನೆಗೆ ಹೋಗಿ ಅಣ್ಣಿಗೇರಿಯ ಸಣ್ಣಪ್ಪನಿಗೆ ಫೋನ್ ಹಚ್ಚಿದಳು. ಆತ ಈರೇಶನ ಜೊತೆಗೇ ಕೆಲಸ ಮಾಡಿ, ಅವನಿಗಿಂತ ಮೊದಲು ನಿವೃತ್ತನಾದವನು.

"ನಿಯಮ ಖರೇ ಐತಿ ತಂಗಿ," ಎಂದ ಸಣ್ಣಪ್ಪ. "ನಾವು ಹುಟ್ಟೂಕಿಂತ ಮೊದಲ ದೊಡ್ಡ ಶಹರದಾಗ ಇಂಥಾ ರಿಜರ್ವ್ ಮಂದೀದ ಬ್ಯಾರೆ ಸ್ಕ್ವಾಡ್ರನ್, ಅಂದ್ರ ವಿಮಾನದ ತುಕಡಿ, ಇದ್ದುವು. ಆಫೀಸಿಗೆ ಹೋಗೋ ಮಂದಿ ರಜಾ ದಿನ ವಿಮಾನ ಹಾರಸೂದು ಕಲೀತಿದ್ರು. ಅವು ಬಂದಾಗಿ ಭಾಳ ವರ್ಷ ಆತು. ಈಗ ನಮ್ಮಂಥ ನೌಕರಿ ಮುಗಿಸಿ ಬಂದವರ ಹೆಸರಷ್ಟ ಇಟ್ಟಿರ್ತಾರ. ಆದ್ರ ಈ ಸಲ ನನಗ ಗೊತ್ತಿದ್ದವರ್ನ ಯಾರ್ನೂ ಕರದಿಲ್ಲವಾ. ನಿನ್ನ ಗಂಡ ತಾನ ವಾಯುಪಡೆ ಆಫೀಸಿಗೆ ಫೋನ್ ಹಚ್ಚಿ, 'ನಾ ತಯಾರ ಅದೀನಿ' ಅನ್ನಾಕತ್ತಾನ, ನನಗ ಅವನ ಹೇಳ್ಯಾನ."

ಅವಳು ಹೊರಗೆ ಬಂದಳು. "ಅವರು ಕರದಿಲ್ಲಂತ. ನೀವ ಕರಸ್ಕೊಳ್ಳಾಕತ್ತೀರಂತ."

ಈರೇಶ ಹೇಳಿದ: "ಅಲ್ಲೆ ನನ್ನ ಕೈಗೆ ಕೆಲಸ ಇತ್ತು. ಇಲ್ಲೆ ಎಲ್ಲಾರೂ ಬರೇ ಕುಂದರಿಸಿ ಚಾ ಕುಡಸ್ತಾರ."

"ನಮ್ಮಣ್ಣ ಗ್ಯಾರೇಜಿಗೆ ಕರದಾಗ ಆ ಕೈ ಎಲ್ಲಿತ್ರಿ?"

ಈರೇಶ ಫೋನ್ ಕಿಸೆಗೆ ಹಾಕಿಕೊಂಡು ಹಿತ್ತಲಿಗೆ ಹೋದ.

ಕೆಲವೇ ದಿನಗಳಲ್ಲಿ ಕದನ ನಿಂತಿತು. ಕರೆ ಬರಲೇ ಇಲ್ಲ. ಮುಂಗಾರು ಬಿತ್ತನೆಗೆ ಮೊದಲು ಹೇಮಂತನ ಗ್ಯಾರೇಜಿನ ಮುಂದೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದಾಗ, ಈರೇಶ ಯಾರೂ ಹೇಳದೆ ನವಲಗುಂದದ ಬಸ್ ಹತ್ತಿದ. ದೀಪಾವಳಿಯ ಹೊತ್ತಿಗೆ ರಿಜರ್ವಿನ ಅವಧಿಯೂ ಮುಗಿಯಿತು. ಅದನ್ನು ಅವನೇ ಊಟಕ್ಕೆ ಕೂತಾಗ ಹೇಳಿದ.

ಮಹಾನಂದಾ 'ಹೂಂ' ಎಂದು ಇನ್ನೊಂದು ರೊಟ್ಟಿ ಬಡಿಸಿದಳು. ಮರುದಿನ ಸಣ್ಣಪ್ಪನಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡಳು.