ಸೋಫಾ ಬಟ್ಟೆಯ ಜಾಕೆಟ್ಟು

ಕತ್ತರಿ ಅಕ್ಕ ಹದಿನೈದು ವರ್ಷದಿಂದ ತನ್ನ ಮನೆಯ ಊಟದ ಮೇಜಿನ ಮೇಲೆಯೇ ಓಣಿಯವರಿಗೆಲ್ಲ ಜಾಕೆಟ್ಟು ಹೊಲಿದುಕೊಟ್ಟವಳು. ಗಂಡನಿಗೆ ಮಾತ್ರ ಒಂದೂ ಹೊಲಿದಿರಲಿಲ್ಲ. ಈಗ ಅವನು ಶಾಲೆಯ ಗುಮಾಸ್ತಿಕೆಯಿಂದ ನಿವೃತ್ತನಾಗುವ ಕಾಲ ಬಂತು. ಬೀಳ್ಕೊಡುಗೆಯ ದಿನ ತಾನು ಹೊಲಿದದ್ದನ್ನೇ ಅವನು ತೊಡಬೇಕು, ಇಲ್ಲದಿದ್ದರೆ ಇನ್ನು ಕತ್ತರಿ ಮುಟ್ಟುವುದಿಲ್ಲ ಎಂದು ಅವಳು ಇಡೀ ಓಣಿಯ ಮುಂದೆ ಶಪಥ ಮಾಡಿದಳು.

ಜಾಕೆಟ್ಟು ಕತ್ತರಿಸಲು ತಂದ ನಮೂನೆಯ ಕಾಗದದಲ್ಲಿ ‘ಮೆತ್ತನೆಯ ಬಟ್ಟೆಗೆ ಮಾತ್ರ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆದರೆ ಮೂವತ್ತೈದು ವರ್ಷ ಕಡತಗಳೊಡನೆ ಕಾದಾಡಿದ ವೀರನಿಗೆ ಮೆತ್ತನೆಯದೇ? ಅಂಗಡಿಯಲ್ಲಿ ಅವಳ ಕೈ ನೇರವಾಗಿ ಒಂದು ದಪ್ಪ ಕಡುನೀಲಿ ಬಟ್ಟೆಯ ಮೇಲೆ ಬಿತ್ತು.

“ಅಕ್ಕಾ, ಅದು ಸೋಫಾಗೆ ಹಾಕೋದು,” ಎಂದ ಅಂಗಡಿಯವನು.

“ನಮ್ಮೆಜಮಾನ್ರೂ ಸೋಫಾ ಬಿಟ್ಟು ಏಳೋರಲ್ಲ. ನೀನು ಸುಮ್ನೆ ಕತ್ತರಿಸಪ್ಪಾ.”

ಮೂರು ಸೂಜಿಗಳು ಹತವಾದರೂ ಯುದ್ಧ ಗೆದ್ದಳು. ಸಮಾರಂಭದ ಬೆಳಿಗ್ಗೆ ಗಂಡ ಜಾಕೆಟ್ಟು ತೊಟ್ಟು ನಿಂತ, ರಾಜನೇ ಸರಿ. ಕುರ್ಚಿಯಲ್ಲಿ ಕೂತದ್ದೇ ತಡ, ಮಡಿಯಲೊಲ್ಲದ ಬಟ್ಟೆ ಮೇಲಕ್ಕೆ ಸರಿದು, ಕಾಲರು ಅವನ ಎರಡೂ ಕಿವಿಗಳನ್ನು ನುಂಗಿತು.

“ಲೇ, ಏನೂ ಕೇಳಿಸ್ತಿಲ್ಲ ಕಣೇ!”

ಅವಳು ಕಾಲರನ್ನು ಕೆಳಗೆಳೆದು ಹಿಡಿದು ಹೇಳಿದಳು: “ಹಾಗಾದ್ರೆ ವೇದಿಕೆ ಮೇಲೆ ಕೂರ್ಬೇಡಿ.”

ಎರಡು ಗಂಟೆ ಅವನು ವೇದಿಕೆಯ ಮೇಲೆ ನಿಂತೇ ಇದ್ದ. “ಕೊನೇ ದಿನಾನೂ ಎಂಥ ವಿನಯ ನೋಡಿ!” ಎಂದು ಮುಖ್ಯೋಪಾಧ್ಯಾಯರು ಕಣ್ಣೊರೆಸಿಕೊಂಡರು. ಓಣಿಯವರೆಲ್ಲ ಜಾಕೆಟ್ಟನ್ನು ಹಾಡಿ ಹೊಗಳಿದರು. ಅಕ್ಕ ಗಂಭೀರವಾಗಿ ತಲೆಯಾಡಿಸಿದಳು.

ಮರುದಿನ ಅವಳು ಗಂಡನ ಕಾಲುಗಳನ್ನು ಬಿಸಿನೀರಿನಲ್ಲಿ ಇರಿಸಿ, ಮೆತ್ತನೆಯ ಬಟ್ಟೆ ತರಲು ಹಿಂದಿನ ಬಾಗಿಲಿನಿಂದ ಹೊರಟಳು.