ದೇರಣ್ಣನ ಒಣ ಸುರಂಗ

ನನ್ನ ಗಂಡನ ಹೆಸರು ದೇರಣ್ಣ. ಅವರು ಬದುಕಿದ್ದಾಗ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಈಗ ಅವರ ವಿಷಯ ಬರೆಯಬೇಕಾದ್ದರಿಂದ ಬರೆದಿದ್ದೇನೆ.

ಅವರು ಸುರಂಗ ತೋಡುತ್ತಿದ್ದರು. ನಮ್ಮ ಕಡೆಯ ಸುರಂಗ ಎಂದರೆ ರೈಲು ಹೋಗುವಂಥದ್ದಲ್ಲ. ಗುಡ್ಡದ ಬುಡದಿಂದ ಒಳಕ್ಕೆ ಅಡ್ಡವಾಗಿ ಕೊರೆದುಕೊಂಡು ಹೋಗುವುದು. ಒಬ್ಬ ಮನುಷ್ಯ ತಲೆ ತಗ್ಗಿಸಿ ನಡೆಯುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಒಳಗೆ ಎಲ್ಲಿಯಾದರೂ ಒಸರು ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ.

ಮರ್ಕಂಜ, ಐವರ್ನಾಡು, ಅಜ್ಜಾವರ, ಎಲ್ಲ ಕಡೆ ಅವರು ತೋಡಿದ ಸುರಂಗಗಳಿವೆ. ಅವುಗಳ ನೀರಿನಲ್ಲಿ ಎಷ್ಟೋ ಮನೆಯವರು ಅನ್ನ ಬೇಯಿಸುತ್ತಾರೆ. ಗುಡ್ಡ ನೋಡಿ ಜಾಗ ಹೇಳುತ್ತಿದ್ದರು. ಹುತ್ತ ಎಲ್ಲಿದೆ, ಬೇಸಗೆಯಲ್ಲೂ ಯಾವ ಮರದ ಚಿಗುರು ಬಾಡಿಲ್ಲ, ಅಷ್ಟೇ ನೋಡುವುದು. ಮತ್ತೆ ಪಿಕ್ಕಾಸು ಹಿಡಿದು ಒಳಗೆ ಹೋದರೆ ಸಂಜೆಗೇ ಹೊರಗೆ. ಮನೆಗೆ ಬರುವಾಗ ಹುಬ್ಬಿನವರೆಗೂ ಕೆಂಪು. ಬಚ್ಚಲಿನ ನೀರೂ ಕೆಂಪು. ಅವರ ಬನಿಯನು ಯಾವ ಸೋಪಿಗೂ ಬಿಳಿಯಾಗಲಿಲ್ಲ. ನಾನು ಬೈದದ್ದುಂಟು. ಅವರು ನಗುತ್ತಿದ್ದರು.

ಎಲ್ಲರಿಗೂ ನೀರು ತೆಗೆದುಕೊಟ್ಟವರು ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಸೋತರು. ಬೇರೆಯವರ ಕೆಲಸ ಇಲ್ಲದ ದಿನಗಳಲ್ಲೆಲ್ಲ ಅಲ್ಲಿ ತೋಡುತ್ತಿದ್ದರು. ವರ್ಷಗಟ್ಟಲೆ ತೋಡಿದರು. ಕೊನೆಗೆ ಕಪ್ಪು ಪಾದೆ, ಒಂದೇ ಬಂಡೆ, ಅಡ್ಡ ಬಂತು. ಒಂದು ಹನಿ ಬರಲಿಲ್ಲ. ಊರಿನವರಿಗೆ ನಗಲು ಒಂದು ಕಾರಣ ಸಿಕ್ಕಿತು. "ದೇರಣ್ಣನ ಒಣ ಸುರಂಗ" ಎಂದು ಹೆಸರಿಟ್ಟರು. ದಾರಿ ಹೇಳುವುದಕ್ಕೂ ಅದನ್ನೇ ಹೇಳುತ್ತಿದ್ದರು: "ಒಣ ಸುರಂಗದ ಹತ್ತಿರ ಎಡಕ್ಕೆ ತಿರುಗಿ."

ಮೈದುನ ಬೋಜಪ್ಪ ಬೋರ್‌ವೆಲ್ ತೆಗೆಸಿದ. ನೀರು ಬಂತು. ಇವರು ಆ ನೀರನ್ನು ಕುಡಿದರು. ಒಂದು ಮಾತೂ ಆಡಲಿಲ್ಲ. ಸುರಂಗದ ಬಾಯಿಯಲ್ಲಿ ಬೆಳೆದ ಹುಲ್ಲನ್ನು ಮಾತ್ರ ಪ್ರತಿ ವರ್ಷ ಕೊಯ್ಯುತ್ತಿದ್ದರು.

ಕಳೆದ ಮಳೆಗಾಲ, ಆಟಿ ತಿಂಗಳಲ್ಲಿ ತೀರಿಕೊಂಡರು. ಬೆಳಿಗ್ಗೆ ಚಾ ಕುಡಿದರು. ಎದೆ ನೋವು ಎಂದರು. ಮಧ್ಯಾಹ್ನಕ್ಕೆ ಇರಲಿಲ್ಲ.

ನಮ್ಮ ಕುಟುಂಬದವರು ಮೇ ರಜೆಯಲ್ಲಿ ಒಂದು ಆದಿತ್ಯವಾರ ಸೇರುವುದು ಮೊದಲಿನಿಂದಲೂ ಇದೆ. ಪುತ್ತೂರಿನಿಂದ, ಕಡಬದಿಂದ ಮಕ್ಕಳು ಮರಿ ಎಲ್ಲ ಬರುತ್ತಾರೆ. ಈ ಸಲ ನಿಲ್ಲಿಸುವುದೇ ಎಂಬ ಮಾತು ಬಂತು. ಅವರು ತೀರಿಕೊಂಡ ವರ್ಷದ ಕ್ರಮ ಆಗಿರಲಿಲ್ಲ. ಅದು ಆಗುವವರೆಗೆ ನಮ್ಮ ಮನೆಯಲ್ಲಿ ಹೋಳಿಗೆ ಇಲ್ಲ, ಪಾಯಸ ಇಲ್ಲ, ಎಣ್ಣೆಗೆ ಬಾಣಲೆ ಇಡುವ ಹಾಗೂ ಇಲ್ಲ. ಬಂದ ಮಕ್ಕಳಿಗೆ ಸಿಹಿ ಇಲ್ಲದೆ ಊಟ ಹಾಕುವುದು ಹೇಗೆ?

ಕಡಬಕ್ಕೆ ಕೊಟ್ಟ ನನ್ನ ಮಗಳು ಭವಿತಾ ಎರಡು ದಿನ ಮೊದಲೇ ಬಂದಳು. ಪುತ್ತೂರಿನಲ್ಲಿ ಇಳಿದು ಚಾಕಲೇಟಿನ ದೊಡ್ಡ ಗಟ್ಟಿಗಳನ್ನು ತಂದಿದ್ದಳು.

"ಅಮ್ಮ, ಹಣ್ಣನ್ನು ಚಾಕಲೇಟಿನಲ್ಲಿ ಅದ್ದಿ ಕೊಡುವ. ಮಕ್ಕಳು ಕುಣಿತಾರೆ."

"ಸಾವಿನ ಮನೆಯಲ್ಲಿ ಚಾಕಲೇಟಾ?" ಎಂದಳು ಲೋಲಾಕ್ಷಿ. ಅವಳು ಬೋಜಪ್ಪನ ಹೆಂಡತಿ.

"ಹೋಳಿಗೆ ಮಾಡ್ಬಾರ್ದು ಅಂತ ಉಂಟು ಚಿಕ್ಕಮ್ಮ. ಚಾಕಲೇಟು ಮಾಡ್ಬಾರ್ದು ಅಂತ ಯಾರಾದ್ರೂ ಹೇಳಿದ್ದಾರಾ?"

ಲೋಲಾಕ್ಷಿ ನನ್ನ ಮುಖ ನೋಡಿದಳು. ನಾನು ಹೇಳಿದೆ: "ಹೇಳ್ಲಿಲ್ಲ. ಹಿರಿಯರಿಗೆ ಚಾಕಲೇಟು ಗೊತ್ತಿರ್ಲಿಲ್ಲ."

ಅಷ್ಟಕ್ಕೆ ತೀರ್ಮಾನವಾಯಿತು.

ಅದೇ ಸಂಜೆ ಬೋಜಪ್ಪ ಜಗಲಿಗೆ ಬಂದು ಕುಳಿತ. "ಅತ್ತಿಗೆ, ಸೋಮವಾರ ಜೆಸಿಬಿ ಬರ್ತದೆ. ಅಂಗಳದವರೆಗೆ ಜೀಪು ಬರುವ ಹಾಗೆ ದಾರಿ ಮಾಡುದು. ತೆಗೆದ ಮಣ್ಣು ಎಲ್ಲಿಯಾದ್ರೂ ಹಾಕ್ಬೇಕಲ್ಲ. ಆ ಸುರಂಗದ ಬಾಯಿಗೆ ಹಾಕಿ ಮುಚ್ಚಿಬಿಡುವ ಅಂತ."

"ಎಂತಕ್ಕೆ?"

"ಅದರಲ್ಲಿ ನೀರುಂಟಾ? ಎಂತದೂ ಇಲ್ಲ. ಮಕ್ಕಳು ಹೊಕ್ಕು ಹಾವೋ ಎಂತದೋ ಕಚ್ಚಿದ್ರೆ? ಅಣ್ಣ ಇದ್ದಾಗ ಬೇರೆ. ಈಗ ನೋಡುವವರು ಯಾರು?"

ಅವನು ಹೇಳಿದ್ದು ಸುಳ್ಳಲ್ಲ. ಅವನ ಮಗಳು ಮೋಕ್ಷಿತಾ ಒಂದು ಕಡೆ ನಿಲ್ಲುವ ಹುಡುಗಿಯಲ್ಲ. ಆದರೆ ರಾತ್ರಿ ನನಗೆ ಅನ್ನ ಇಳಿಯಲಿಲ್ಲ. ಅವರ ಅಂಗಿಗಳನ್ನು ಕೊಟ್ಟಾಗಿದೆ. ಅವರು ಮಲಗುತ್ತಿದ್ದ ಮಂಚ ತೆಗೆದಾಗಿದೆ. ಅವರ ಕೈ ಮಾಡಿದ್ದು ಎಂದು ಈ ಜಾಗದಲ್ಲಿ ಉಳಿದದ್ದು ಅದೊಂದೇ. ಅವರನ್ನು ಕಳುಹಿಸಿಕೊಟ್ಟಾಗಿದೆ, ಇನ್ನು ಅದನ್ನೂ ಮಣ್ಣು ಮಾಡುತ್ತಾರೆ.

ಶನಿವಾರ ಸಂಜೆ ಗಾಳಿ ಎದ್ದಿತು. ಗುಡುಗಿತು, ಮಳೆ ಬರಲಿಲ್ಲ. ಎಲ್ಲಿಯೋ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಆದಿತ್ಯವಾರ ಬೆಳಿಗ್ಗೆಯೂ ಇಲ್ಲ. ಫ್ರಿಜ್ಜಿನ ಬಾಗಿಲು ತೆಗೆದರೆ ಬಿಸಿ ಗಾಳಿ.

"ಬರ್ತದೆ ಬಿಡಿ. ಅಷ್ಟರಲ್ಲಿ ಅದ್ದಿ ಇಡುವ," ಎಂದಳು ಭವಿತಾ.

ನಾವು ಹಣ್ಣು ಹೆಚ್ಚಿದೆವು. ಕದಳಿ ಬಾಳೆಹಣ್ಣು, ಅನಾನಸು, ಬಕ್ಕೆ ಹಲಸಿನ ತೊಳೆ. ಹಣ್ಣಿನಲ್ಲಿ ಪಸೆ ಇದ್ದರೆ ಚಾಕಲೇಟು ಹಿಡಿಯುವುದಿಲ್ಲವಂತೆ. ಅನಾನಸಿನ ತುಂಡುಗಳನ್ನು ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ, ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟೆವು. ಚುಚ್ಚಲು ತೆಂಗಿನ ಗರಿಯ ಕಡ್ಡಿ ಕೆರೆದುಕೊಂಡೆ. ಅದ್ದಿದ ಮೇಲೆ ನಿಲ್ಲಿಸುವುದೆಲ್ಲಿ ಎಂದು ಭವಿತಾ ಕೇಳಿದಳು. ಗೊನೆ ಕಡಿದ ಬಾಳೆಯ ಕಾಂಡ ಹಿತ್ತಿಲಲ್ಲಿ ಬಿದ್ದಿತ್ತು. ಅದನ್ನು ಎರಡು ತುಂಡು ಮಾಡಿ ತಂದೆ. ಕಡ್ಡಿಯ ಬುಡ ಅದಕ್ಕೆ ಚುಚ್ಚಿದರೆ ಹಣ್ಣು ನೆಟ್ಟಗೆ ನಿಲ್ಲುತ್ತದೆ.

ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಚಾಕಲೇಟು ಕರಗಿಸಿದೆವು. ಸೌಟು ಲೋಲಾಕ್ಷಿಯ ಕೈಯಲ್ಲಿತ್ತು. ಬೆಲ್ಲದ ಪಾಕ ತೆಗೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಚಾಕಲೇಟು ಸ್ವಲ್ಪ ಮಂದವಾಗಿ ಕಂಡಿತು. ಭವಿತಾ ಆಚೆ ತಿರುಗಿದ್ದಳು. ಲೋಲಾಕ್ಷಿ ಒಂದು ಸೌಟು ಬಿಸಿ ನೀರು ಹೊಯ್ದಳು.

ತಿಳಿಯಾಗುವುದು ಬಿಟ್ಟು ಅದು ಮಣ್ಣಿನ ಹೆಂಟೆಯ ಹಾಗೆ ಗಂಟು ಕಟ್ಟಿತು.

"ಅಯ್ಯೋ ಚಿಕ್ಕಮ್ಮ, ನೀರು ಹಾಕಿದ್ರಾ?"

"ಪಾಕ ಗಟ್ಟಿಯಾದ್ರೆ ನೀರು ಹಾಕುದಲ್ವಾ ಮಾರಾಯ್ತಿ?"

"ಇದು ಪಾಕ ಅಲ್ಲ!"

"ಮತ್ತೆ ಒಲೆ ಮೇಲೆ ಯಾಕೆ ಇಟ್ಟದ್ದು?"

ಆ ಹೆಂಟೆಯನ್ನು ಮೋಕ್ಷಿತಾ ಮತ್ತು ಮೊದಲೇ ಬಂದಿದ್ದ ಮಕ್ಕಳು ಪಾತ್ರೆ ಸಮೇತ ಎತ್ತಿಕೊಂಡು ಓಡಿದರು. ಅವರಿಗೆ ಏನೂ ನಷ್ಟವಾಗಲಿಲ್ಲ. ಆದರೆ ತಂದ ಚಾಕಲೇಟಿನಲ್ಲಿ ಅರ್ಧ ಹೋಯಿತು. ಉಳಿದರ್ಧವನ್ನು ಭವಿತಾ ತಾನೇ ಕರಗಿಸಿದಳು. ಸೌಟು ಯಾರಿಗೂ ಕೊಡಲಿಲ್ಲ. ಒಂದೊಂದೇ ಅದ್ದಿ, ಕೊಡವಿ, ನನ್ನ ಕೈಗೆ ಕೊಟ್ಟಳು. ನಾನು ಕಾಂಡಕ್ಕೆ ಚುಚ್ಚಿದೆ. ಎರಡೂ ಕಾಂಡಗಳ ಮೇಲೆ ಸಾಲಾಗಿ ನಿಂತಾಗ ಮದುವೆ ಚಪ್ಪರದ ಅಲಂಕಾರದ ಹಾಗೆ ಚಂದ ಕಂಡಿತು.

ಆ ಚಂದ ಹೆಚ್ಚು ಹೊತ್ತು ಉಳಿಯಲಿಲ್ಲ. ಕರೆಂಟು ಬರಲಿಲ್ಲ. ಬಿಸಿಲು ಏರಿತು. ಚಾಕಲೇಟು ಗಟ್ಟಿಯಾಗುವುದು ಬಿಟ್ಟು ಕಡ್ಡಿಯ ಮೇಲೆ ಇಳಿಯತೊಡಗಿತು. ಕೆಂಪಿರುವೆ ಬಂತು. ಬಂಧುಗಳ ಜೀಪು ಕೆಳಗಿನ ದಾರಿಯಲ್ಲಿ ನಿಂತ ಸದ್ದು ಕೇಳಿತು.

ಬೋಜಪ್ಪ ಬಂದು ನೋಡಿ ನಕ್ಕ. "ಸ್ಪೂನು ತನ್ನಿ ಮಾರಾಯ್ರೆ. ಕುಡಿಯುವ."

ಭವಿತಾಳ ಕಣ್ಣಲ್ಲಿ ನೀರು ಬಂತು. ಅಪ್ಪ ಇಲ್ಲದ ಮೊದಲ ರಜೆ. ಯಾರೂ ಸಪ್ಪಗೆ ಕೂರಬಾರದು ಎಂದು ಅವಳು ಇಷ್ಟೆಲ್ಲ ಮಾಡಿದ್ದು. ನನಗೆ ಗೊತ್ತಿತ್ತು.

"ಸುರಂಗಕ್ಕೆ ಕೊಂಡುಹೋಗುವ," ಎಂದೆ.

ಬೋಜಪ್ಪನ ನಗು ನಿಂತಿತು.

"ಅಲ್ಲಿಗಾ? ಅತ್ತಿಗೆ, ಹಾವು ಗೀವು..."

"ನಾನು ಮೊದಲು ಹೋಗ್ತೇನೆ."

ಚಿಮಿಣಿ ದೀಪ ಹಚ್ಚಿಕೊಂಡು ಹೊರಟೆ. ಅವರು ದೀಪ ಇಲ್ಲದೆ ಒಳಗೆ ಕಾಲಿಡುತ್ತಿರಲಿಲ್ಲ. ದೀಪ ಸಣ್ಣದಾದರೆ ಒಳಗೆ ಗಾಳಿ ಇಲ್ಲ, ಹಿಂದೆ ತಿರುಗಬೇಕು. ಅದು ಅವರು ಹೇಳಿಕೊಟ್ಟದ್ದು. ಅವರು ಹೋದ ಮೇಲೆ ನಾನು ಅಲ್ಲಿಗೆ ಹೋಗಿರಲಿಲ್ಲ. ಹುಲ್ಲು ಸೊಂಟದವರೆಗೆ ಬೆಳೆದು ಒಣಗಿತ್ತು. ಕೋಲಿನಲ್ಲಿ ಬಡಿದು ಸರಿಸಿ ಒಳಗೆ ಹೊಕ್ಕೆ.

ಹತ್ತು ಹೆಜ್ಜೆಗೆ ಮೈಯ ಬೆವರು ಆರಿತು. ನೆಲ ಒಣಗಿತ್ತು. ಗೋಡೆ ಒಣಗಿತ್ತು. ಎರಡು ಬಾವಲಿಗಳು ತಲೆಯ ಮೇಲಿಂದ ಹಾರಿದವು, ಹಾವು ಇರಲಿಲ್ಲ. ದೀಪ ಇಡುವುದಕ್ಕೆ ಅವರು ಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ಗೂಡು ಕೆತ್ತಿದ್ದರು. ಒಂದೊಂದರ ಮೇಲೂ ಮಸಿ ಹಾಗೆಯೇ ಇತ್ತು. ಒಂದು ಗೂಡಿನಲ್ಲಿ ಕೈ ಇಟ್ಟು ನಿಂತೆ. ಅಳು ಬಂತು. ಅತ್ತೆ. ಹೊರಗೆ ಜನ ಕಾಯುತ್ತಿದ್ದರು. ಮುಖ ಒರೆಸಿಕೊಂಡು ಸುರಂಗದ ಬಾಯಿಯವರೆಗೆ ಬಂದು ಕೂಗಿದೆ: "ತನ್ನಿ!"

ಮೊದಲನೆಯ ಕಾಂಡವನ್ನು ಭವಿತಾ ಮುಂದೆ, ಲೋಲಾಕ್ಷಿ ಹಿಂದೆ ಹಿಡಿದು ಒಳಗೆ ತಂದರು. ಎರಡನೆಯದಕ್ಕೆ ಒಂದು ಕಡೆ ನಾನು ಕೈ ಕೊಟ್ಟೆ. ಇನ್ನೊಂದು ಕಡೆಗೆ ಜನ ಇರಲಿಲ್ಲ.

"ನೀವು ಹಿಡೀರಿ," ಎಂದಳು ಲೋಲಾಕ್ಷಿ ಗಂಡನಿಗೆ.

"ನಾನಾ?"

"ಬೋರ್‌ವೆಲ್ಲಿಗೆ ಇಳೀಲಿಕ್ಕೆ ಹೇಳಿದ್ದಲ್ಲ. ನಡೀಲಿಕ್ಕೆ ಹೇಳಿದ್ದು."

ಬೋಜಪ್ಪ ಮುಂಡು ಎತ್ತಿ ಕಟ್ಟಿದ. ಅಣ್ಣ ಇಷ್ಟು ವರ್ಷ ತೋಡಿದ ಸುರಂಗಕ್ಕೆ ತಮ್ಮ ಅವತ್ತಿನವರೆಗೆ ಹೊಕ್ಕವನಲ್ಲ. ಬಾಯಿಯಲ್ಲಿ ಬಗ್ಗಿ ನೋಡಿದ್ದು ಅಷ್ಟೆ. ಮೊದಲು "ಓ ದೇವರೇ, ತಲೆ, ತಲೆ," ಎಂದು ಗಲಾಟೆ ಮಾಡಿದ. ಸ್ವಲ್ಪ ಒಳಗೆ ಹೋದ ಮೇಲೆ ಮಾತು ನಿಂತಿತು. ಕಾಂಡ ಇಳಿಸಿದ ಮೇಲೂ ಅವನು ಹೊರಗೆ ಬರಲಿಲ್ಲ. ದೀಪ ಕೇಳಿ ತೆಗೆದುಕೊಂಡು ತುದಿಯವರೆಗೆ ಹೋದ, ಹಿಂದೆ ನಾನು. ಅಲ್ಲಿ ಕಪ್ಪು ಪಾದೆ ಇದೆ. ಪಾದೆಯ ಮೈಯೆಲ್ಲ ಪಿಕ್ಕಾಸಿನ ಗುರುತು. ಒಂದರ ಮೇಲೊಂದು, ಲೆಕ್ಕವಿಲ್ಲದಷ್ಟು.

"ಇಷ್ಟು ಕುಟ್ಟಿದ್ದಾನಾ ಅಣ್ಣ?" ಎಂದ.

"ಮತ್ತೆ? ಪಾದೆ ಕಂಡ ಕೂಡಲೇ ಬಿಟ್ಟದ್ದು ಅಂತ ಗ್ರಹಿಸಿದ್ದೀಯಾ?"

"ನನಗೆ ಹೇಳಲೇ ಇಲ್ಲ ಅವ."

"ನೀನು ಕೇಳಿದ್ಯಾ?"

ಅವನು ಆ ಗುರುತುಗಳ ಮೇಲೆ ಕೈಯಾಡಿಸಿದ. "ನೀವು ಹೋಗಿ ಅತ್ತಿಗೆ, ಬಂದವರಿಗೆ ನೀರು ಬೆಲ್ಲ ಕೊಡಿ. ಇರುವೆ ಬಾರದ ಹಾಗೆ ನಾನು ಇಲ್ಲಿ ಕೂತ್ಕೊಳ್ತೇನೆ," ಎಂದ.

ಊಟಕ್ಕೆ ಎಲೆ ಹಾಕುವ ಹೊತ್ತಾದರೂ ಅವನ ಸುದ್ದಿ ಇಲ್ಲ. ಮೋಕ್ಷಿತಾಳನ್ನು ಕೈ ಹಿಡಿದುಕೊಂಡು ಭವಿತಾ ನೋಡಲು ಹೋದಳು. ಮೋಕ್ಷಿತಾ ಸುರಂಗದ ಬಾಯಿಯಿಂದಲೇ ಕೂಗಿದಳು: "ದೊಡ್ಡಮ್ಮಾ, ಅಪ್ಪ ಗೊರಕೆ ಹೊಡೀತಿದ್ದಾರೆ!"

ಕರೆಂಟಿಲ್ಲದ ಸೆಕೆಗೆ ಹಿಂದಿನ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಆಗಿರಲಿಲ್ಲ. ತಂಪಿಗೆ ಗೋಡೆಗೆ ಒರಗಿ ಬೋಜಪ್ಪ ಮಲಗಿಬಿಟ್ಟಿದ್ದ. ಅವನ ಎದುರು ಎರಡು ಕಾಂಡ ಹಣ್ಣು. ಭವಿತಾ ಒಂದನ್ನು ಕಿತ್ತು ನನ್ನ ಕೈಗೆ ತಂದು ಕೊಟ್ಟಳು. ಉಗುರಿನಲ್ಲಿ ತಟ್ಟಿದೆ. ಟಕ್ ಎಂದಿತು. ಕಚ್ಚಿದರೆ ಹೊರಗಿನ ಚಾಕಲೇಟು ಬಿರಿಯಿತು. ಒಳಗೆ ಅನಾನಸು ತಣ್ಣಗೆ.

ಮತ್ತೆ ಊಟದ ಕ್ರಮವೆಲ್ಲ ಕೆಟ್ಟುಹೋಯಿತು. ಸಿಹಿಯನ್ನು ಕೊನೆಗೆ ಬಡಿಸಬೇಕೆಂದಿದ್ದೆವು. ಮಕ್ಕಳು ಸುರಂಗದ ಬಾಯಿಯಲ್ಲಿ ಸಾಲು ನಿಂತರು. ಮಕ್ಕಳ ಹಿಂದೆ ದೊಡ್ಡವರು. ಬೋಜಪ್ಪ ಎದ್ದು ದೀಪ ಹಿಡಿದು ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. ಹಣ್ಣು ತಿಂದು ಬೇಗ ಹೊರಗೆ ಬಂದವರಿಲ್ಲ. ಒಳಗಿದ್ದವರಿಗೆ ತಂಪು ಬಿಡಲು ಮನಸ್ಸಿಲ್ಲ, ಹೊರಗಿದ್ದವರಿಗೆ ಬಿಸಿಲಲ್ಲಿ ನಿಲ್ಲಲು ತಾಳ್ಮೆ ಇಲ್ಲ. ಒಣ ಸುರಂಗ ಎಂದು ಜೋರಾಗಿ ನಗುತ್ತಿದ್ದವರೂ ಅವತ್ತು ಬಂದಿದ್ದರು. ಅವರೂ ಸಾಲಿನಲ್ಲಿ ನಿಂತರು. ನಾನು ಅವರನ್ನು ನೋಡಿದೆ. ಅವರು ಸಾರಿನ ರುಚಿ ಹೊಗಳಿದರು. ಸಾರು ನಾನು ಆಗ ಬಡಿಸಿಯೇ ಇರಲಿಲ್ಲ.

ನೀರು ಹರಿಯುವ ಸುರಂಗವಾಗಿದ್ದರೆ ಒಳಗೆ ಕಾಲೂರಲು ಜಾಗ ಇರುತ್ತಿರಲಿಲ್ಲ. ಹಣ್ಣಿನ ಮೇಲೆ ಹನಿ ಬಿದ್ದು ಹಾಳಾಗುತ್ತಿತ್ತು. ಒಣಗಿದ್ದರಿಂದಲೇ ಆಯಿತು. ಇದನ್ನು ಅವರಿಗೆ ಹೇಳಲು ಆಗುವುದಿಲ್ಲವಲ್ಲ ಎಂಬುದೊಂದೇ ನನ್ನ ಸಂಕಟ.

ಸೋಮವಾರ ಬೆಳಿಗ್ಗೆ ಜೆಸಿಬಿ ಬಂತು. ಓಡಿಸುವವನು ಅಚ್ಚುತ ಎಂಬ ಹುಡುಗ, ಈ ಊರಿನವನಲ್ಲ. ನಾನು ಅಡುಗೆಮನೆಯಿಂದ ಹೊರಗೆ ಬಂದು ನಿಂತೆ. ಬೋಜಪ್ಪ ಅಂದಿನ ಮಾತನ್ನು ತಿರುಗಿ ಎತ್ತಿರಲಿಲ್ಲ. ಏನು ಹೇಳುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ.

"ಮಣ್ಣು ಹಾಕುದು ಅಲ್ಲಿಯಾ?" ಎಂದು ಅಚ್ಚುತ ಸುರಂಗದ ಕಡೆ ಕೈ ತೋರಿಸಿದ. "ಫೋನಲ್ಲಿ ಹಾಗೆ ಹೇಳಿದ್ರಲ್ಲ."

"ಫೋನಲ್ಲಿ ಹೇಳಿದ್ದು ಬಿಡು," ಎಂದ ಬೋಜಪ್ಪ. "ಮಣ್ಣು ಕೆಳಗೆ ತೋಟದ ಬದಿಗೆ. ಅಲ್ಲಿಗೆ ಒಂದು ಹಿಡಿಯೂ ಬೀಳ್ಬಾರ್ದು. ಅದಕ್ಕೆ ನಾನು ಗೇಟು ಮಾಡಿಸ್ತೇನೆ, ಮಕ್ಕಳು ಒಬ್ಬೊಬ್ಬರೇ ಹೋಗದ ಹಾಗೆ."

"ನೀರುಂಟಾ ಅದರಲ್ಲಿ?"

ಬೋಜಪ್ಪ ನನ್ನ ಕಡೆ ನೋಡಿದ. ಆ ಪ್ರಶ್ನೆಗೆ ಎಷ್ಟೋ ವರ್ಷ ನಾನು ತಲೆ ತಗ್ಗಿಸಿದ್ದೆ.

"ಇಲ್ಲ," ಎಂದೆ. "ಒಂದು ಹನಿ ಇಲ್ಲ. ಹೋಗಿ ನೋಡಿ ಬಾ."

ಅಚ್ಚುತ ಮೊಬೈಲಿನ ಬೆಳಕು ಹಾಕಿಕೊಂಡು ಬಗ್ಗಿ ಒಳಗೆ ನೋಡಿದ. ಬೆಳಕು ಎಲ್ಲಿಯೂ ಗೋಡೆಗೆ ತಾಗದೆ ದೂರದವರೆಗೆ ಹೋಯಿತು.

"ಎಷ್ಟು ನೇರ ಉಂಟು ಮಾರಾಯ್ರೆ! ಯಾವ ಮೆಷಿನು ತಂದದ್ದು?"

"ಮೆಷಿನು ಅಲ್ಲ. ನಮ್ಮವರು ತೋಡಿದ್ದು. ಕೈಯಲ್ಲಿ," ಎಂದೆ.