ಚಪ್ಪರದ ಕಂಬದ ಮೇಲಿನ ಮುಖ

ಮಾವನ ತೋಟದ ಮೋಟಾರ್ ಕೊಠಡಿಯನ್ನು ಗುಡಿಸುತ್ತಿದ್ದಾಗ, ಗೊಬ್ಬರದ ಖಾಲಿ ಚೀಲಗಳ ಅಡಿಯಲ್ಲಿ ಅದು ಸಿಕ್ಕಿತು. ತೂತುತೂತಾದ ಬಿಳಿ ಪ್ಲಾಸ್ಟಿಕ್ಕಿನ ಒಂದು ಮುಖ. ಬಿಸಿಲಿಗೆ ಹಳದಿ ತಿರುಗಿದೆ, ಒಂದು ಕಿವಿಯ ಬಳಿ ಸೀಳಿದೆ. ಮೂಗು ಮಾತ್ರ ಹಾಗೇ ಇದೆ, ಆಗ ಆರು ವರ್ಷದವಳಾಗಿದ್ದ ನನ್ನ ತಂಗಿಯ ಮೊಂಡು ಮೂಗು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಅಲ್ಲೇ ಕುಳಿತಿದ್ದೆ. ನೆನಪಿಗೆ ಬಂದದ್ದು ತಂಗಿಯಲ್ಲ, ಮಾವ...

ಮಾವ ಎಂದರೆ ಅಮ್ಮನ ತಮ್ಮ. ತಮಿಳು ಸೀಮೆಯ ಚಿನ್ನಮನೂರಿನ ಆಚೆ, ರಸ್ತೆಗೆ ಅಂಟಿಕೊಂಡ ದ್ರಾಕ್ಷಿ ತೋಟ ಅವನದು. ಯಾವ ಕಾಲದಲ್ಲೋ ಈ ಕಣಿವೆಗೆ ಬಂದು ನೆಲೆನಿಂತ ಕನ್ನಡದ ಮನೆಗಳು ನಮ್ಮವು. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಈ ಕನ್ನಡ ಅಕ್ಷರಗಳನ್ನು ಬರೆಯಲು ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಮಾವನಿಗೆ ಅವು ಬರುತ್ತಿರಲಿಲ್ಲ. ಇದನ್ನು ಅವನು ಇದ್ದಿದ್ದರೂ ಓದುತ್ತಿರಲಿಲ್ಲ.

ಆರನೆಯ ವಯಸ್ಸಿನಲ್ಲಿ ತಂಗಿ ನಡೆಯುವಾಗ ಒಂದು ಪಕ್ಕಕ್ಕೆ ವಾಲತೊಡಗಿದಳು. ಬೆಳಿಗ್ಗೆ ಎದ್ದ ಕೂಡಲೇ ವಾಂತಿ. ತಲೆಯ ಹಿಂಭಾಗದಲ್ಲಿ ಗಡ್ಡೆ ಇತ್ತು. ಮದುರೆಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ತೆಗೆದರು. ಆಮೇಲೆ ತಲೆಗೂ ಬೆನ್ನುಹುರಿಗೂ ರೇಡಿಯೇಶನ್ ಕೊಡಬೇಕು ಎಂದರು. ನಮ್ಮ ಕಡೆ ಜನ ಅದನ್ನು ‘ಕರೆಂಟ್ ಇಡೋದು’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದದ್ದೇ ಅಮ್ಮ ಮಗುವನ್ನು ಎತ್ತಿಕೊಂಡು ಊರಿಗೆ ಹೊರಟು ನಿಂತಳು. ಡಾಕ್ಟರಮ್ಮ ಯಾವುದನ್ನೂ ಮುಚ್ಚಿಡಲಿಲ್ಲ. ಗಡ್ಡೆ ಮತ್ತೆ ಬರದಿರಲು ಇದು ಬೇಕೇ ಬೇಕು, ಆದರೆ ಆ ಕಿರಣ ಹಾದುಹೋಗುವುದು ಬೆಳೆಯುವ ಮೈಯೊಳಗೆ, ಮುಂದೆ ಒಂದೊಂದಾಗಿ ತೊಂದರೆಗಳು ಕಾಣಿಸಬಹುದು, ಜೀವನವಿಡೀ ವರ್ಷಕ್ಕೊಮ್ಮೆ ಬಂದು ತೋರಿಸಬೇಕು ಎಂದರು. ಮಾವ ಟವೆಲಿನಿಂದ ಮೀಸೆ ಒರೆಸಿಕೊಂಡು ಕೇಳಿದ್ದು ಒಂದೇ.

“ಇಟ್ರೆ ಉಳೀತಾಳಾ?”

“ಉಳಿಯೋದಕ್ಕೇ ಇಡೋದು.”

“ಇಡ್ಸಿ ಅಕ್ಕಾ,” ಎಂದ ಅಮ್ಮನ ಕಡೆ ತಿರುಗಿ. “ಮುಂದೆ ಬರೋದನ್ನ ನಾನು ನೋಡ್ಕೋತೀನಿ.”

ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ತಂಗಿಯ ಮುಖದ ಮೇಲೆ ಎಳೆದು ಒತ್ತಿದರು. ಅದು ಗಟ್ಟಿಯಾಗಿ ಮುಖವಾಡವಾಯಿತು. ದಿನವೂ ಅದನ್ನು ಹಾಕಿ ತಲೆಯನ್ನು ಮೇಜಿಗೆ ಬಿಗಿದು, ಎಲ್ಲರೂ ಹೊರಗೆ ಬಂದು ದಪ್ಪ ಬಾಗಿಲು ಮುಚ್ಚುತ್ತಿದ್ದರು. ಒಳಗೆ ಅವಳೊಬ್ಬಳೇ. ಮೊದಲ ದಿನ ಅವಳ ಕೂಗು ಮೈಕಿನಲ್ಲಿ ಕೇಳಿ ಅಮ್ಮ ಹೊರಗೆ ಓಡಿಹೋದಳು, ಮತ್ತೆ ಆ ಕೋಣೆಯ ಹತ್ತಿರ ಬರಲಿಲ್ಲ. ಮೆಷಿನ್ ನಡೆಸುವ ಹುಡುಗಿ ಮಾವನ ಕೈಗೆ ಮೈಕು ಕೊಟ್ಟಳು. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ತೋಟದ ಗೇಟು ತೆಗೆದೆ ಎಂದು ಶುರು ಮಾಡಿದ. ಮಾತಿನಲ್ಲೇ ಒಂದೊಂದೇ ಸಾಲಿನಲ್ಲಿ ನಡೆದ. ಇಲ್ಲೊಂದು ಗೊಂಚಲು ಬಿರಿದಿದೆ, ಇಲ್ಲಿ ಅಳಿಲು ಕೂತು ನಿನ್ನ ಪಾಲು ತಿಂತಾ ಇದೆ, ಓಡಿಸ್ಲಾ ಬ್ಯಾಡ್ವಾ, ಅಲ್ಲಾಡದೆ ಮನಸ್ಸಲ್ಲೇ ಯೋಳು, ನನ್ ಕಣ್ಣು... ದಿನವೂ ಅವನು ಬಾವಿಯ ಹತ್ತಿರ ಬರುವಷ್ಟರಲ್ಲಿ ಬಾಗಿಲ ಮೇಲಿನ ಕೆಂಪು ದೀಪ ಆರುತ್ತಿತ್ತು. ಭಾಷೆ ತಿಳಿಯದ ಆ ಹುಡುಗಿಯೂ ಅಳಿಲಿನ ಜಾಗಕ್ಕೆ ಬಂದಾಗ ನಗಲು ಕಲಿತಿದ್ದಳು.

ಎಲ್ಲ ಮುಗಿದ ದಿನ ಆ ಮುಖವಾಡವನ್ನು ಮಾವ ಕೇಳಿ ತೆಗೆದುಕೊಂಡ. ಮಾರನೆಯ ದಿನ ನೋಡಿದರೆ, ದ್ರಾಕ್ಷಿ ಚಪ್ಪರದ ಮುಂದಿನ ಕಲ್ಲುಕಂಬಕ್ಕೆ, ರಸ್ತೆಗೆ ಮುಖ ಮಾಡಿ, ಅದನ್ನು ತಂತಿಯಿಂದ ಕಟ್ಟಿದ್ದಾನೆ! ಬೇರೆಯವರ ತೋಟಗಳಲ್ಲಿ ದೃಷ್ಟಿಬೊಂಬೆ ಇರುವ ಜಾಗ ಅದು.

ಅಮ್ಮ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಬಂದಳು. “ಲೇ, ಬುದ್ಧಿ ಐತಾ ನಿಂಗೆ? ರೋಡಲ್ಲಿ ಓಗೋರೆಲ್ಲ ನೋಡ್ತಾರೆ!”

“ನೋಡ್ಲಿ ಅಂತಾನೇ ಕಟ್ಟಿದ್ದು.”

“ನಾಳೆ ಇವಳನ್ನ ಯಾರು ಕೇಳ್ಕೊಂಡು ಬತ್ತಾರೆ?”

“ಕೂಸಿಗೆ ಇನ್ನೂ ಮುಂದಿನ ಅಲ್ಲು ಬಂದಿಲ್ಲ. ಅದು ಬರ್ಲಿ ಮೊದ್ಲು, ಆಮೇಲೆ ಗಂಡು ಬರ್ಲಿ. ಮಿಷಿನ್ನನ್ನೇ ಎದುರಿಸಿದ ಮುಖ ಅಕ್ಕಾ ಇದು. ಗಿಳಿಗೆ ಎದರತ್ತಾ?”

ಗಿಳಿಗಳೂ ಹೆದರಲಿಲ್ಲ. ಅದರ ನೆತ್ತಿಯ ಮೇಲೇ ಕೂತು ಹಣ್ಣು ತಿಂದವು. ಹೆದರಿದವರು ಮನುಷ್ಯರು. ಅದರಲ್ಲಿ ಇನ್ನೂ ಕರೆಂಟ್ ಉಳಿದಿದೆ, ಮುಟ್ಟಿದರೆ ಹತ್ತುತ್ತದೆ ಎಂದು ಕೂಲಿಗೆ ಬಂದ ಹೆಂಗಸರು ಆ ಕಂಬದಿಂದ ದೂರ ಸರಿದು ನಡೆಯುತ್ತಿದ್ದರು. ಮಾವ ಊಟಕ್ಕೆ ಮುಂಚೆ ಎಲ್ಲರೆದುರು ಅದರ ಮೂಗು ಹಿಂಡಿ, ಅದೇ ಕೈಯಿಂದ ಅನ್ನ ಕಲಸುತ್ತಿದ್ದ.

ಡಾಕ್ಟರಮ್ಮ ಹೇಳಿದ್ದವು ನಿಧಾನವಾಗಿ ಬಂದವು. ಕತ್ತಿನ ಮೇಲ್ಭಾಗದಲ್ಲಿ ಕೂದಲು ಮತ್ತೆ ಹುಟ್ಟಲೇ ಇಲ್ಲ. ಕಾಲು ಬೆಳೆದಷ್ಟು ಬೆನ್ನು ಬೆಳೆಯಲಿಲ್ಲ. ಬೆಂಚಿನಲ್ಲಿ ಕೂತರೆ ತನಗಿಂತ ಸಣ್ಣವರ ಭುಜದ ಸಮಕ್ಕೆ ಬರುತ್ತಿದ್ದಳು. ಬಲಗಿವಿ ಮಂದವಾಗಿ ಅದಕ್ಕೊಂದು ಮೆಷಿನ್ ಬಂತು. ಚುರುಕಾಗಿದ್ದ ಹುಡುಗಿ ಲೆಕ್ಕಕ್ಕೆ ತಡಬಡಿಸತೊಡಗಿದಳು. ಉತ್ತರ ಗೊತ್ತಿರುತ್ತಿತ್ತು, ಅದು ನಾಲಿಗೆಗೆ ಬರುವಷ್ಟರಲ್ಲಿ ಟೀಚರು ಮುಂದಿನವರನ್ನು ಕೇಳಿಯಾಗಿರುತ್ತಿತ್ತು. ಮಾವ ಮಾತ್ರ ಅವಳನ್ನು ಏನಾದರೂ ಕೇಳಿದರೆ, ಬೀಡಿ ಹಚ್ಚಿಕೊಂಡು ಕಾಯುತ್ತಿದ್ದ.

ವರ್ಷವರ್ಷವೂ ದ್ರಾಕ್ಷಿ ಕಟಾವು ಮುಗಿದ ಮೇಲೆ ಅವಳನ್ನು ಮದುರೆಗೆ ಕರೆದುಕೊಂಡು ಹೋಗುತ್ತಿದ್ದವನು ಅವನೇ. ಅವಳು ದೊಡ್ಡವಳಾಗುತ್ತ ಬಂದಂತೆ ಅಮ್ಮನಿಗೆ ಆ ಪ್ರಯಾಣವೇ ಕಣ್ಣಿಗೆ ಚುಚ್ಚತೊಡಗಿತು. ವೇದಸಂದೂರಿನ ನೆಂಟರೊಬ್ಬರು, “ಹುಡುಗೀನ ಆಸ್ಪತ್ರೆ ಬಾಗಿಲಲ್ಲಿ ಕಂಡೆ, ಇನ್ನೂ ಕರೆಂಟ್ ಇಡ್ತಾರಾ?” ಎಂದು ಮದುವೆಮನೆಯಲ್ಲಿ ಎಲ್ಲರೆದುರು ಕೇಳಿಬಿಟ್ಟಿದ್ದರು. ಆ ವರ್ಷ ಅಮ್ಮ ಕಳಿಸಲಿಲ್ಲ. ಚೆನ್ನಾಗೇ ಇದ್ದಾಳಲ್ಲ, ಇನ್ನೇಕೆ ಎಂದಳು.

ಮುಂದಿನ ವರ್ಷ ಮಾವ ಬೆಳಗಾಗುವಾಗಲೇ ಬಂದು ನಮ್ಮ ಜಗಲಿಯ ಮೇಲೆ ಕುಳಿತ. ರಜೆಗೆಂದು ಮೈಸೂರಿನಿಂದ ನಾನೂ ಬಂದಿದ್ದೆ. ಅಮ್ಮ ಕಾಫಿ ತಂದಳು, ಅವನು ಲೋಟ ಮುಟ್ಟಲಿಲ್ಲ. ಅಕ್ಕನ ಮನೆಯ ಕಾಫಿಯನ್ನು ತಮ್ಮ ಬೇಡವೆನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ.

“ಅವಳು ಬಸ್ ಅತ್ತಿದ ಮ್ಯಾಲೆ ಕುಡೀತೀನಿ.”

“ಜನ ಬಾಯಿಗೆ ಬಂದಂಗೆ ಆಡ್ತಾರೆ ಕಣೋ. ನಾನು ಎತ್ತ ತಾಯಿ.”

“ಆಡೋರು ಯಾರೂ ಅವಳ ಕುತ್ತಿಗೆ ಮುಟ್ಟಿ ನೋಡಲ್ಲ ಅಕ್ಕಾ. ಡಾಕ್ಟರಮ್ಮ ನೋಡ್ತಾರೆ.”

ಅಷ್ಟರಲ್ಲಿ ತಂಗಿ ಸೀರೆ ಉಟ್ಟು ಬಂದು ಚಪ್ಪಲಿ ಮೆಟ್ಟಿ ನಿಂತಿದ್ದಳು. ಅಮ್ಮ ಒಳಗೆ ಹೋದಳು. ನಾನೂ ಅವರಿಬ್ಬರ ಜೊತೆ ಹೊರಟೆ.

ಕುತ್ತಿಗೆಯಲ್ಲಿ, ಥೈರಾಯ್ಡಿನಲ್ಲಿ, ಸಣ್ಣ ಗಂಟಿತ್ತು. ಕೈಗೆ ಸಿಗುವಷ್ಟು ದೊಡ್ಡದಲ್ಲ, ಸ್ಕ್ಯಾನಿನಲ್ಲಿ ಕಂಡದ್ದು. ಪರೀಕ್ಷೆಯಲ್ಲಿ ಅದೂ ಕ್ಯಾನ್ಸರ್ ಎಂದೇ ಬಂತು. ಬೇಗ ಸಿಕ್ಕಿದೆ, ಆಪರೇಷನ್ ಮಾಡಿದರೆ ಗುಣವಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಮಾವ ಬಾಗಿಲವರೆಗೆ ಹೋದವನು ಹಿಂದೆ ಬಂದ.

“ಆ ಕರೆಂಟಿಂದ್ಲೇ ಬಂತಾ ಅಮ್ಮಾ?”

ಅವರು ಫೈಲು ಮುಚ್ಚಿಟ್ಟರು. “ಖಂಡಿತ ಅಂತ ಹೇಳಕ್ಕಾಗಲ್ಲ. ಆದರೆ ಬಂದಿರಬಹುದು.”

ಹೊರಗಿನ ಬೆಂಚಿನ ಮೇಲೆ ಕುಳಿತು ಅವನು ಟವೆಲನ್ನು ಬಾಯಿಗೆ ಒತ್ತಿ ಹಿಡಿದ. “ನಾನೇ ಇಡ್ಸಿದ್ದು...” ಎಂದ. “ನಾನೇ ಅಲ್ಲಾಡ್ಬ್ಯಾಡ ಅಂದಿದ್ದು.”

ತಂಗಿ ಏನೋ ಹೇಳಲು ಹೊರಟಳು. ನನಗೆ ತಡೆಯಲಾಗದೆ ನಾನೇ ಬಾಯಿ ತೆರೆದೆ. ಮಾವ ಕೈ ಎತ್ತಿ ನನ್ನನ್ನು ನಿಲ್ಲಿಸಿದ. ಆ ಹೊತ್ತಿನಲ್ಲೂ ಅವಳಿಗಾಗಿ ಕಾದ.

“ಇಡ್ಸದೆ ಇದ್ದಿದ್ರೆ,” ಎಂದಳು ಅವಳು ಕೊನೆಗೆ, “ಇವತ್ತು ಯಾರನ್ನ ಕರ್ಕೊಂಡು ಬತ್ತಿದ್ದೆ ಮಾವಾ? ಆಡು ಮರೀನಾ?”

ಅವನು ನಕ್ಕನೋ ಅತ್ತನೋ, ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಭುಜ ಅಲುಗಿದ್ದು ಮಾತ್ರ ಕಂಡಿತು.

ಆಪರೇಷನ್ ಆಗಿ ಕೆಲವು ವರ್ಷಗಳಾಗಿವೆ. ತಂಗಿ ಈಗ ಬಾಲವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಅದು ಜೀವನವಿಡೀ. ಮಾವ ತೀರಿಕೊಂಡದ್ದು ಕಳೆದ ತೈ ತಿಂಗಳಲ್ಲಿ, ಸಂಕ್ರಾಂತಿಯ ಆಸುಪಾಸಿನಲ್ಲಿ. ಮಧ್ಯಾಹ್ನದ ಊಟ ಮುಗಿಸಿ ಚಪ್ಪರದ ನೆರಳಿನಲ್ಲಿ ಮಲಗಿದವನು ಏಳಲಿಲ್ಲ.

ಈ ಸಲ ತಂಗಿಯನ್ನು ಮದುರೆಗೆ ಕರೆದುಕೊಂಡು ನಾನು ಹೊರಟಿದ್ದೆ. ಬಸ್ ಸ್ಟ್ಯಾಂಡಿಗೆ ಬಿಡಲು ಬಂದ ಅಮ್ಮ, ಬಸ್ ಬಂದಾಗ ನಮಗಿಂತ ಮೊದಲು ಹತ್ತಿ ಕುಳಿತಳು. ಪಕ್ಕದ ಸೀಟಿನ ಹೆಂಗಸು ಎಲ್ಲಿಗೆ ಎಂದು ತಮಿಳಿನಲ್ಲಿ ಕೇಳಿದಳು. ಅಮ್ಮ ಸೆರಗು ಸರಿಮಾಡಿಕೊಂಡಳು. “ಆಸ್ಪತ್ರೆಗೆ,” ಎಂದಳು, ಹಿಂದಿನ ಸಾಲಿಗೂ ಕೇಳುವಂತೆ. “ನನ್ನ ಮಗಳಿಗೆ ಚಿಕ್ಕಂದಿನಲ್ಲಿ ಕ್ಯಾನ್ಸರ್ ಬಂದಿತ್ತು. ವರ್ಷಾವರ್ಷ ತೋರಿಸಬೇಕು.” ತಂಗಿ ಕಿಟಕಿಯ ಕಡೆಗಿದ್ದ ಮುಖವನ್ನು ಅಮ್ಮನತ್ತ ತಿರುಗಿಸಿದಳು.

ಆಸ್ಪತ್ರೆಯ ಗೇಟಿನೊಳಗೆ ಕಾಲಿಟ್ಟು ಅಮ್ಮ ನಿಂತುಬಿಟ್ಟಳು. ಅವಳು ಕಂಡಿದ್ದ ಹಳೆಯ ಕಟ್ಟಡ ಅಲ್ಲಿರಲಿಲ್ಲ. ಮೂರು ಕಡೆಗೂ ಬಾಗಿಲು, ಎಲ್ಲದರ ಮುಂದೆಯೂ ಜನ.

“ಅವನು ಯಾವ ಬಾಕಲಲ್ಲಿ ಓಗ್ತಿದ್ದ?” ಎಂದಳು. “ಇಷ್ಟು ವರ್ಷ ಬಂದು ಓದ... ನಾನು ಒಂದು ದಿನಾನೂ ಕೇಳ್ಲಿಲ್ಲ.”

ತಂಗಿ ಅವಳ ಕೈ ಹಿಡಿದು ಎಡಗಡೆಯ ಬಾಗಿಲಿನತ್ತ ನಡೆದಳು.